ಐವತ್ತು ಪೆನ್ನಿಯ ಕತ್ತಲೆ

ನಮ್ಮ ಟೀವಿಯ ಬೆನ್ನಿಗೊಂದು ಹುಂಡಿ ಇತ್ತು.
ಐವತ್ತು ಪೆನ್ನಿ ನುಂಗಿದರೆ ಒಂದಿಷ್ಟು ಹೊತ್ತು ಬೆಳಕು,
ಆಮೇಲೆ ಟಕ್.
ತಿಂಗಳಿಗೊಮ್ಮೆ ಬಾಡಿಗೆಯವನು ಬಂದು
ಹುಂಡಿ ಬಿಚ್ಚಿ ಎಣಿಸಿಕೊಂಡು ಹೋಗುತ್ತಿದ್ದ
ಮಠದ ಪಾರುಪತ್ಯಗಾರನ ಹಾಗೆ, ಮುಖವೆತ್ತದೆ.

ಓಲ್ಡ್‌ಹ್ಯಾಮ್, ಎಪ್ಪತ್ತಾರನೆಯ ಇಸವಿ.
ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಾರಲ್ಲ,
ಅಲ್ಲಿಯ ಮಿಲ್ಲು ಬಿಟ್ಟು ಅಸಲಿ ಮ್ಯಾಂಚೆಸ್ಟರಿಗೆ ಹೊರಟವನು
ಏಳು ಮೈಲಿ ಈಚೆಗೇ ಇಳಿದುಬಿಟ್ಟೆ
ಎಂಬುದು ನಮ್ಮಪ್ಪ ಹಾಲೇಶಪ್ಪನ ತಮಾಷೆ.
ಎರಡು ಊರಿನ ಮಗ್ಗಗಳು ಪಾಲು ಹಂಚಿಕೊಂಡು
ಅವನ ಎರಡು ಕಿವಿ ತಿಂದಿದ್ದವು.
ಮಿಲ್ಲಿನ ಹೆಂಗಸರಿಂದ ತುಟಿ ಓದಲು ಕಲಿತಿದ್ದ,
ಅಷ್ಟಿಷ್ಟು.

ಭಾನುವಾರ ಮಧ್ಯಾಹ್ನ ಹಳೆಯ ಕಪ್ಪು-ಬಿಳುಪು ಸಿನಿಮಾ.
ಗ್ಲಾಡ್ವಿಕ್ ರಸ್ತೆಯ ಸಿಲ್ಹೆಟ್ ಅಂಗಡಿಯ ಮಂಡಕ್ಕಿಗೆ
ಅಪ್ಪ ಒಗ್ಗರಣೆ ಹಾಕಿ, ಮಿರ್ಚಿ ಕರಿದು,
ಪಕ್ಕದ ಮನೆಯವರ ಮೂಗಿಗಾಗಿ ಕಿಟಕಿ ಮುಚ್ಚಿ,
ನಮ್ಮ ಕಣ್ಣಿಗಾಗಿ ಮತ್ತೆ ತೆರೆದು,
ಬಂದು ಕೂರುತ್ತಿದ್ದ.
ರಾತ್ರಿ ಪಾಳಿ ಮುಗಿಸಿದ ಅಮ್ಮ
ನರ್ಸಿನ ಬಟ್ಟೆಯಲ್ಲೇ ಗೋಡೆಗೊರಗಿ ಅರೆಗಣ್ಣು.
'ಅವಳು ಏನಂದ್ಲಪ್ಪ?'
ತೆರೆಯ ತುಂಬ ತುಟಿ. ಮುತ್ತಿನ ಹಾರ. ಒಂದು ಹನಿ ಕಣ್ಣೀರು.
ಅಪ್ಪ ಮುಂದೆ ಬಾಗಿ, ಓದಿ, ತೂಗಿ ಹೇಳಿದ:
'ಉಪ್ಪಿಟ್ಟು ಆರ್ತಾ ಐತಿ, ಲಗೂನ ಬಾ ಅಂದ್ಲು.'
ನಾನು ಎಷ್ಟೋ ವರ್ಷ ನಂಬಿದ್ದೆ
ಹಾಲಿವುಡ್ಡಿನಲ್ಲಿ ಎಲ್ಲರೂ ಉಪ್ಪಿಟ್ಟಿಗಾಗಿ ಅಳುತ್ತಾರೆಂದು.

ಒಂದು ಸಿನಿಮಾದಲ್ಲಿ ದೀಪಸ್ತಂಭ ಕಾಯುವವನಿದ್ದ.
ಬಿರುಗಾಳಿ, ದಡದಲ್ಲಿ ಲಾಟೀನು ಹಿಡಿದ ಹೆಂಡತಿ,
ಮೇಲೆ ಆ ದೊಡ್ಡ ದೀಪ ನಡುಗಿ ನಡುಗಿ
ಆರಿತು.
ಅದೇ ಗಳಿಗೆಗೆ ನಮ್ಮ ಟೀವಿಯೂ. ಟಕ್.
ನಾನು ಸೋಫಾದ ಸಂದಿಯಲ್ಲೆಲ್ಲ ಕೈಯಾಡಿಸಿದೆ.
ಹೇರ್‌ಪಿನ್ನು, ಕಡಲೆಬೀಜ, ಎರಡು ಪೆನ್ನಿ.
ಅಪ್ಪ ಗಂಟಲು ಸರಿಮಾಡಿಕೊಂಡು
ಕಪ್ಪು ಗಾಜನ್ನು ನೋಡುತ್ತಲೇ ಶುರು ಮಾಡಿದ:
ಈಜಿ ಬಂದ ಗಂಡ, ಮೈಯೆಲ್ಲ ಉಪ್ಪು,
ಸೀದಾ ಬಸ್ ಸ್ಟ್ಯಾಂಡು, ಅಲ್ಲೊಂದು ಬಿಸಿ ಮಿರ್ಚಿ, ಅರ್ಧ ಚಹಾ.
'ಸಮುದ್ರದ ಸಹವಾಸ ಸಾಕು ಅಂದ ನೋಡವ್ವ,
ಹರಿಹರದಾಗ ಸೈಕಲ್ ಅಂಗಡಿ ಇಟ್ಟ.'

ಅಪ್ಪ ಹೋಗಿ ಹನ್ನೊಂದು ವರ್ಷ.
ಮೊನ್ನೆ ಆ ಸಿನಿಮಾ ಸಿಕ್ಕಿತು,
ತೊಳೆದು ಮಡಿ ಮಾಡಿದ ಪ್ರತಿ, ಒಂದು ಗೀರಿಲ್ಲ.
ಎಂಬತ್ತಮೂರರ ಅಮ್ಮನಿಗೆ ಈಗ ತೆರೆ ಬರೀ ಮಂಜು,
ನಡುವೆ ಒಂದು ಕಪ್ಪು ತೂತು.
ಪಕ್ಕದಲ್ಲಿ ಕೂತು ಹೇಳುತ್ತಾ ಹೋದೆ,
ಇದ್ದದ್ದು ಇದ್ದ ಹಾಗೆ.
ದೀಪ ಆರಿತು.
ಟಕ್ ಅನ್ನಲಿಲ್ಲ.
ನಾನು ನೋಡಿರದ ಹದಿನೆಂಟು ನಿಮಿಷ ತಾನಾಗಿ ಬಿಚ್ಚಿಕೊಂಡಿತು:
ಬರಿಯ ಅಲೆ, ಬರಿಯ ದೋಣಿ,
ರೈಲಿನ ಕಿಟಕಿಯಲ್ಲಿ ಒಬ್ಬಳೇ ಹೆಂಗಸು.
ನನ್ನ ಬಾಯಿ ನಿಂತಿತು.

ಅಮ್ಮ ಕತ್ತು ತಿರುಗಿಸದೆ ಅಂದಳು:
'ನನ್ನ ಹತ್ರ ಇತ್ತು.'
'ಏನು?'
'ಐವತ್ತು ಪೆನ್ನಿ. ಏಪ್ರನ್ ಜೇಬಲ್ಲಿ, ಗಡಿಯಾರದ ಜೊತೆ.'
'ಆವತ್ತಾ?'
'ಎಲ್ಲಾ ಭಾನುವಾರ.'

ಯಾಕೆ ಹಾಕಲಿಲ್ಲ ಎಂದು ಕೇಳಬೇಕೆನ್ನುವಷ್ಟರಲ್ಲಿ
ಅವಳೇ ತೆರೆಯ ಕಡೆ ಗದ್ದ ಎತ್ತಿದಳು:
'ಈಗ ಏನಂದ್ಲು ಆ ರೈಲಿನವಳು?'
ಅವಳೇನೂ ಅಂದಿರಲಿಲ್ಲ. ತುಟಿ ಒಂದಿಷ್ಟು ಅದುರಿತ್ತು, ಅಷ್ಟೇ.
ಗಂಟಲು ಸರಿಮಾಡಿಕೊಂಡು ಹೇಳಿದೆ:
'ಉಪ್ಪಿಟ್ಟು ಆರ್ತಾ ಐತಿ, ಲಗೂನ ಬಾ ಅಂದ್ಲು.'

ಅಮ್ಮ ನಗಲಿಲ್ಲ, ಅಳಲಿಲ್ಲ.
ಮಂಡಕ್ಕಿಯಲ್ಲಿ ಸಿಕ್ಕ ಮೆಣಸಿನಕಾಯಿ ಆರಿಸಿ ಪಕ್ಕಕ್ಕಿಡುತ್ತ,
'ಅದು ಬೇರೆ ಸಿನಿಮಾಕ್ಕೆ,' ಅಂದಳು.
'ಇದಕ್ಕೆ ಅವಲಕ್ಕಿ.'