ಬರಿ ಮಗ್ಗ

ಆರು ಫೂಟು ದೂರ ಇರ್ರಿ ಅಂತ
ಆಶಾ ಕಾರ್ಯಕರ್ತೆ ಮಹಾನಂದಾ ಬಂದು ಹೇಳಿದಾಗ
ನಮ್ಮ ಓಣಿ ಸೆರಗಿನಾಗ ನಕ್ಕಿತು.
ಗುಳೇದಗುಡ್ಡದಾಗ ಆರು ಫೂಟು ಅಂದರ
ನಮ್ಮ ಪಡಸಾಲಿ, ಮಗ್ಗ, ಮತ್ತ
ಬಾಜೂ ಮನಿಯವರ ಅರ್ಧ ಅಡಗಿಮನಿ.

ರೇಶನ್ ಅಂಗಡಿ ಮುಂದ ಸುಣ್ಣದ ದುಂಡು ಹಾಕಿದರು.
ಮೊದಲ ದಿನ ನಾವು ನಿಂತಿವಿ.
ಮರುದಿನ ಚಪ್ಪಲಿ ನಿಂತವು.
ಮೂರನೇ ದಿನ ಹಾಜರಾಬಿಯ ಚೀಲ, ತಿಪ್ಪಣ್ಣನ ಛತ್ರಿ,
ಯಾರದೋ ಒಂದು ಒಡಕ ಇಟ್ಟಂಗಿ
ಪಾಳಿ ಹಚ್ಚಿ ನಿಂತಿದ್ದವು.
ನಾವು ಬೇವಿನ ನೆರಳಿಗೆ ಒತ್ತೊತ್ತಿ ಕೂತು
ಅವುಗಳ ಶಿಸ್ತು ನೋಡತಿದ್ದಿವಿ.

ಆಮ್ಯಾಲೆ ನೂಲು ನಿಂತಿತು.
ಸಾವಕಾರನ ಫೋನು ಮೊದಲು ಎಂಟು ದಿನ ಅಂದಿತು,
ಆಮ್ಯಾಲೆ ಎತ್ತೋದ ಬಿಟ್ಟಿತು.
ಮಗ್ಗದ ಮ್ಯಾಲಿನ ಖಣದಾಗ
ಅರ್ಧ ಆನಿಹೆಜ್ಜಿ ಹಂಗ ಉಳೀತು,
ಎತ್ತಿದ ಕಾಲು ಎಲ್ಲಿಡಲಿ ಅಂತ
ಆನಿ ವಿಚಾರ ಮಾಡಿದಂಗ.

ಉಳಿದ ತುಂಡಿಗೆ ಚೌಡವ್ವ ಲಾಡಿ ಹಚ್ಚಿದಳು.
ಮದುವಿ ಹೆಣ್ಣಿನ ಕುಬಸಕ್ಕಂತ ನೇಯ್ದದ್ದು
ಫೌಜದಾರನ ಬಾಯಿಗೆ ಬಂತು.
'ದಡಿ ಛಲೋ ಒಪ್ಪೇತಿ ನಿಮಗ ಸಾಹೇಬರ' ಅಂದಳು.
ಅಂವ ನಕ್ಕನೋ ಬೈದನೋ, ಕಾಣಲಿಲ್ಲ.

ಸದ್ದಿಲ್ಲದ ಓಣಿ ನಿಮಗ ಗೊತ್ತಿಲ್ಲ.
ನಾ ಈ ಮನಿಗೆ ಬಂದ ಹೊಸದಾಗಿ
ಮಗ್ಗದ ಖಟಕ್ಕಿಗೆ ನಿದ್ದಿ ಬರತಿದ್ದಿಲ್ಲ.
ಹತ್ತೊಂಬತ್ತು ವರ್ಷದ ಮ್ಯಾಲೆ
ಅದು ಕೇಳವಲ್ದು ಅಂತ ಎಚ್ಚರ ಆಗತಿತ್ತು.
ಗ್ವಾಡಿಯಾಚೆ ಯಾರು ಅನ್ನೋದು
ಹೊಡೆತದ ಮ್ಯಾಲೆ ತಿಳೀತಿತ್ತು:
ಮುರಿಗೆಪ್ಪಂದು ಕುಂಟೆತ್ತಿನ ನಡಿಗಿ,
ದಾದಾಪೀರಂದು ಸಂತಿಗೆ ಹೊಂಟ ಅವಸರ,
ಬಾಳವ್ವಂದು ಸಾವಕಾಶ, ನಡುನಡುವ ಕೆಮ್ಮು.
ಆ ಕೆಮ್ಮಿಗೆ ಈಗ ಅಕಿ
ಕದ ಹಾಕತಿದ್ದಳು.

ಒಂದು ಸಂಜಿ ಮುರಿಗೆಪ್ಪ ಕುಣಿಗಿಳಿದ.
ಹಾಸಿಲ್ಲ, ಹೊಕ್ಕಿಲ್ಲ, ಲಾಳಿಯಾಗ ಕಂಡಿಕಿಲ್ಲ.
ಬರಿ ಹಣಿಗಿ ಎಳದು ಹೊಡೆದ.
ಖಟಕ್.
ಖಟಕ್.
ದಾದಾಪೀರ ಉತ್ತರ ಕೊಟ್ಟ.
ನನ್ನ ಗಂಡ ಉಣ್ಣೂ ತಾಟು ಬಿಟ್ಟು ಎದ್ದ.
ಕಡೀಕ ಬಾಳವ್ವ, ಸಾವಕಾಶ.

ಅವತ್ತಿನಿಂದ ದೀಪ ಹಚ್ಚೂ ಹೊತ್ತಿಗೆ
ಓಣಿ ತುಂಬ ಬರಿ ಮಗ್ಗದ ಬಡಿತ.
ಏನೂ ನೇಯಲಿಲ್ಲ. ಅದೀನಿ ಅಂತ, ಅಷ್ಟ.
ಅದೀನಿ.
ನಾನೂ ಅದೀನಿ.
ಉಪ್ಪು ತೀರಿದರ ಎರಡು ಜೋಡಿ ಹೊಡೆತ.
ಮಾಳಿಗಿಯಿಂದ ಮಾಳಿಗಿಗೆ ಹಗ್ಗದ ಡಬ್ಬಿ
ರೊಟ್ಟಿ ಹೊತಗೊಂಡು ಹೋಗತಿತ್ತು,
ಖಾಲಿ ತಿರುಗಾಕ ನಾಚಿ
ಹಿಡಿ ಶೇಂಗಾ ತರತಿತ್ತು.

ಇಪ್ಪತ್ತಮೂರನೇ ಸಂಜಿ
ಬಾಳವ್ವನ ಮಗ್ಗ ಮಾತಾಡಲಿಲ್ಲ.
ನಾವೆಲ್ಲ ಕೈ ತಡದು ಕಾದಿವಿ.
ಕೆಮ್ಮು ಕೇಳಿದ್ದಿವಿ. ಎಲ್ಲಾರೂ ಕೇಳಿದ್ದಿವಿ.
ಮಹಾನಂದಾ ಬಂದಾಗ ಬಾಯಿ ಬಿಡದೆ ಇದ್ದದ್ದು
ಕರುಣೆಯೋ ಅಂಜಿಕಿಯೋ,
ಆ ಗಂಟು ಇವತ್ತಿಗೂ
ನನಗ ಬಿಚ್ಚಾಕ ಬಂದಿಲ್ಲ.

ಬಾಗಲಕೋಟಿಗೆ ಒಯ್ದರು. ತಿರುಗಿ ತರಲಿಲ್ಲ.
ನಮ್ಮಲ್ಲಿ ಸತ್ತವರನ್ನ ಕೂಡಿಸತಾರ,
ಕುಣಿಯಾಗ, ಮಗ್ಗಕ್ಕ ಕೂತಂಗ ಬೆನ್ನು ನೆಟ್ಟಗ.
ಅಕಿನ್ನ ಪ್ಲಾಸ್ಟಿಕ್ಕಿನಾಗ ಸುತ್ತಿ ಮಲಗಿಸಿದರಂತ.
ಮುರಿಗೆಪ್ಪ ಗ್ವಾಡಿಗೆ ಮುಖ ಮಾಡಿ ಅಂದ:
'ಅಕಿ ಜನ್ಮದಾಗ ಹಗಲ ಮಲಗಿದಾಕಿ ಅಲ್ಲ.'

ಮರುದಿನ ಸಂಜಿ ಮತ್ತ ಬಡಿದಿವಿ.
ಅಕಿ ಪಾಳಿ ಬಂದಾಗ
ಯಾರೂ ಹೇಳಿಕೊಳ್ಳದ ಸುಮ್ಮನಾದಿವಿ
ನಾಕು ಹೊಡೆತದ ಹೊತ್ತು.
ಅಷ್ಟರಾಗ ಎಲ್ಲೋ ಹಲ್ಲಿ ಲೊಚಗುಟ್ಟಿತು.

ಶ್ರಾವಣದಾಗ ನೂಲು ಬಂತು.
ಆನಿ ಕಾಲು ಊರಿತು.
ಆದರ ಹೊಸ ನೂಲಿನ ಕೆಂಪು ಹಳೀದಕ್ಕ ಕೂಡಲಿಲ್ಲ.
ನಿಂತು ಹಚ್ಚಿದ ಜಾಗಾದಾಗ ಒಂದು ಗೆರಿ,
ಕಣ್ಣಿಗಿಂತ ಬಟ್ಟಿಗೆ ಲಗೂ ತಿಳೀತೈತಿ.
ಸಾವಕಾರ ಬೆಳಕಿಗೆ ಹಿಡದು ನೋಡಿ
ಹನ್ನೆರಡು ರೂಪಾಯಿ ಮುರಕೊಂಡ.
ಮುರಕೊಳ್ಳಲಿ.