ಒಂದು ಮೂರು ನಾಲ್ಕು ಎರಡು

ಭಾನುವಾರ ಬೆಳಿಗ್ಗೆ ಏಳಕ್ಕೆ
ಬಾನೆಟ್ಟು ಎತ್ತಿ ಕಡ್ಡಿ ಕೊಡುತ್ತೇನೆ.
ಎಂಬತ್ತಾರರ ಪದ್ಮಿನಿ, ಕೆನೆಯ ಬಣ್ಣ,
ಕೆಎ ಅನ್ನುವ ಅಕ್ಷರ ಬರುವ ಮುಂಚಿನ ನಂಬರು.
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಆರು ದಿನ ತೂಕದ ಚೀಟಿ ಬರೆಯುವವಳು ನಾನು,
ಏಳನೆಯ ದಿನ ಉಗುರಿನ ಸಂದಿಗೆಲ್ಲ ಗ್ರೀಸು.

ಪ್ಯಾರೇಜಾನ್ ಬರುತ್ತಾರೆ,
ಸೈಕಲ್ಲು ಗೋಡೆಗೆ ಒರಗಿಸುತ್ತಾರೆ,
ಸ್ಕ್ರೂಡ್ರೈವರಿನ ಮೂತಿ ಇಂಜಿನ್ನಿಗೆ,
ಹಿಡಿ ಕಿವಿಯ ಮುಂದಿನ ಮೂಳೆಗೆ.
ಕಣ್ಣು ಮುಚ್ಚುತ್ತಾರೆ.
"ಕಂಪ್ಯೂಟರ್ ಹಾಕಿ ನೋಡೋ ಕಾರಲ್ಲ ಮೇಡಮ್ಮ,
ಕೇಳೋ ಕಾರು."

ಒಂದು ಬೇಸಿಗೆ ನಂದಿಯ ತಿರುವಿನಲ್ಲಿ
ಪೆಟ್ರೋಲು ಪಂಪಿನೊಳಗೇ ಹಬೆಯಾಗಿ ಉಸಿರು ಕಟ್ಟಿತು.
ವೇಲು ನೆನೆಸಿ ಸುತ್ತಿದೆ,
ಜ್ವರದ ಹಣೆಗೆ ಬಟ್ಟೆ ಹಾಕುವ ಹಾಗೆ.
ಹಿಂದೆ ನಿಂತ ಹೊಸ ಕಾರಿನವನು ಗಾಜು ಇಳಿಸಿ,
"ಗುಜರಿಗೆ ಎಷ್ಟು ಕೊಡ್ತಾರಂತೆ?"

ಮರುವಾರವೇ ಕರೆಂಟಿನ ಪಂಪು ಬಂತು.
ಡೈನಮೋ ಇಳಿದು ಆಲ್ಟರ್ನೇಟರು ಹತ್ತಿತು,
ಯಾವುದೋ ಮಾರುತಿಯದ್ದು,
ಬ್ರಾಕೆಟ್ಟು ಮಾತ್ರ ಬಸ್‌ಸ್ಟ್ಯಾಂಡ್ ಹಿಂದಿನ ವೆಲ್ಡಿಂಗು.
ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು.
ಅದಕ್ಕೆ ಒಂದು ಬಳೆ ಹೋಯಿತು; ಮನೆಯಲ್ಲಿ ಇನ್ನೂ ಹೇಳಿಲ್ಲ.

ಪಾಯಿಂಟು ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕೋಣ ಅಂದಾಗ
ಪ್ಯಾರೇಜಾನ್ ಎರಡು ವಾರ ಈ ಕಡೆ ಸುಳಿಯಲಿಲ್ಲ.
ಮೂರನೆಯ ವಾರ ಬಂದರು. ಹಾಕಿದರು.
ಕಿತ್ತ ಪಾಯಿಂಟನ್ನು ಕರವಸ್ತ್ರದಲ್ಲಿ ಕಟ್ಟಿ
ಜೇಬಿಗೆ ಇಳಿಸಿದರು.

ನನಗೆ ಗೊತ್ತಾದದ್ದು ದೀಪಾವಳಿಯ ಆಸುಪಾಸು.
ಟ್ಯಾಪೆಟ್ಟು ಟಕಟಕ ಅನ್ನುತ್ತಿದೆ, ಇಡೀ ಬೀದಿಗೆ ಕೇಳುತ್ತಿದೆ,
ಅವರು ಸ್ಕ್ರೂಡ್ರೈವರು ಒತ್ತುತ್ತಾರೆ, ಇನ್ನೂ ಒತ್ತುತ್ತಾರೆ,
ಮೂಳೆಯ ಮೇಲೆ ಕೆಂಪು ಕಚ್ಚು ಮೂಡಿತು.
"ಸೈಲೆಂಟಾಗೈತೆ" ಅಂದರು.

ಹುಡುಗನಾಗಿದ್ದಾಗ ಹತ್ತು ವರ್ಷ
ಫಿಲೇಚರಿನ ಚಕ್ರಗಳ ನಡುವೆ ನೂಲು ತೆಗೆದ ಕಿವಿ.
ಉಳಿದಷ್ಟನ್ನು ಇಂಜಿನ್ನುಗಳು ತಿಂದವು.
ನಾನು ಬಾಯಿ ಬಿಡಲಿಲ್ಲ. ಒಂದು ಬೆರಳಿನಿಂದ
ಮಡ್ಗಾರ್ಡಿನ ಮೇಲೆ ತಟ್ಟಿದೆ: ಹೀಗೆ. ಹೀಗೆ. ಹೀಗೆ.
ಅವರು ಬೆರಳನ್ನೇ ನೋಡುತ್ತ ನಿಂತರು.
ಆಮೇಲೆ ಸ್ಕ್ರೂಡ್ರೈವರಿನ ಹಿಡಿಯನ್ನು
ನನ್ನ ಕಡೆ ತಿರುಗಿಸಿದರು.

ಅವತ್ತಿನಿಂದ ಕೇಳುವ ಕೆಲಸ ನನ್ನದು.
"ಏನ್ ಹೇಳ್ತೈತೆ?" ಎಂದು ಕೂಗುತ್ತಾರೆ.
ಎರಡನೇದು, ಅನ್ನದ ತಪ್ಪಲೆಯ ಮುಚ್ಚಳ ಕುಣಿದ ಹಾಗೆ.
"ಟ್ಯಾಪೆಟ್ಟು. ಬಿಗಿ ಮಾಡು, ಕೂದಲಷ್ಟು."
ವಾಟರ್ ಪಂಪು, ನಾಲ್ಕನೇ ಜ್ವರ ಎದ್ದ ಹುಳ
ಸೊಪ್ಪು ತಿಂದ ಹಾಗೆ, ಚರಚರ.
"ಬೇರಿಂಗು ಹೋಯ್ತು" — ಕ್ಷಣ ತಡೆಯಲಿಲ್ಲ,
ಈ ಊರಲ್ಲಿ ಆ ಸದ್ದಿಗೆ ಅರ್ಥ ಹೇಳಬೇಕಿಲ್ಲ.
ಗೇರ್‌ಬಾಕ್ಸು ಗುರ್ರ್ ಅಂತಿದೆ.
"ನಾಯಿದಾ, ಬೆಕ್ಕಿಂದಾ?"
ಬೆಕ್ಕಿಂದು.
"ಹಂಗಾರೆ ಬಿಡು, ಖುಷಿಯಾಗೈತೆ."

ಕಿಡಿ ಹಾರುವ ಲೆಕ್ಕ ಅವರೇ ಕಲಿಸಿದ್ದು:
ಒಂದು ಮೂರು ನಾಲ್ಕು ಎರಡು.
ಮಗ್ಗಿ ಪುಸ್ತಕ ಒಪ್ಪದ ಎಣಿಕೆ.
ಎರಡಕ್ಕೆ ಸರದಿ ಕೊನೆಗೆ, ಆದರೂ ಅದು ಜಗಳಕ್ಕೆ ಬರುವುದಿಲ್ಲ.
ಸೋಮವಾರ ಲಾಟು ನಂಬರು ಬರೆಯುವಾಗ
ಒಂದರ ಕೆಳಗೆ ಮೂರು ಬರೆದು, ಹೊಡೆದುಹಾಕಿ,
ಒಬ್ಬಳೇ ನಕ್ಕೆ. ಹಳ್ಳಿಯ ರೈತ ತನ್ನ ಬುಟ್ಟಿಯನ್ನು
ಇನ್ನೊಂದು ಸಲ ತೂಗಿಸಿದ.

ಇವತ್ತು ಚಿಂತಾಮಣಿ ರಸ್ತೆ. ಪಕ್ಕದಲ್ಲಿ ಪ್ಯಾರೇಜಾನ್,
ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಚಪ್ಪಟೆ.
ಇಂಜಿನ್ನು ನನ್ನ ಕಿವಿಗೆ ಬೆಣ್ಣೆ.
ಇಗ್ನಿಷನ್ ಹೇಗಿದೆ ನೋಡಿ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ,
ಅವರಿಗೆ ಕೇಳಿಸದು ಎಂಬ ಧೈರ್ಯದಲ್ಲೇ.
ಕೈ ಎತ್ತಿದರು.
"ನಿಲ್ಸು. ಒಂದು ಬಿಟ್ಟು ಹೊಡೀತೈತೆ."

ಹುಣಸೆ ಮರದ ಕೆಳಗೆ ನಿಲ್ಲಿಸಿ ಬಾನೆಟ್ಟು ಎತ್ತಿದೆ.
ಮೂರನೆಯ ಪ್ಲಗ್ಗಿನ ಟೋಪಿ ಸಡಿಲ.