ಅಲುಗದೆ ನಿಲ್ಲುವ ಕೆಲಸ

ವಾರ್ಡೋ ಊರಿನ ಶಾಲೆಯಲ್ಲಿ ನನ್ನ ಕೆಲಸ
ಕಸ ಗುಡಿಸುವುದು, ಹೀಟರ್ ನೋಡಿಕೊಳ್ಳುವುದು,
ಮೆಟ್ಟಿಲ ಮೇಲಿನ ಹಿಮ ಕೆರೆದು ಉಪ್ಪು ಚೆಲ್ಲುವುದು.
ಸೂರ್ಯನಾಗುವುದು ಕರಾರಿನಲ್ಲಿ ಇರಲಿಲ್ಲ.

ಡಿಸೆಂಬರಿನ ನಡುವಾರ. ಸೂರ್ಯ ಮುಳುಗಿ
ಆಗಲೇ ಮೂರು ವಾರ. ಹನ್ನೊಂದರ ಹೊತ್ತಿಗೆ
ತೆಂಕಣ ಕಡಲಂಚಿಗೆ ಕುಂಚ ತೊಳೆದ ನೀರಿನಂಥ ನೀಲಿ,
ಊಟದ ಗಂಟೆ ಹೊಡೆದ ಮೇಲೆ ಅದೂ ಇಲ್ಲ.

ಎರಡನೇ ತರಗತಿಯ ಗುನ್‌ವೋರ್ ಟೀಚರ್ ಬಾಗಿಲಲ್ಲಿ ಇಣುಕಿ
"ಹಾಲ್ಗೈರ್, ನಿನ್ನ ದೋಣಿಯ ದೊಡ್ಡ ಟಾರ್ಚ್ ಇದೆಯಲ್ಲ,
ಸ್ವಲ್ಪ ತರ್ತೀಯಾ? ನಮ್ಮದು ಕೈಕೊಟ್ಟಿತು" ಎಂದಳು.

ಹೋಗಿ ನೋಡಿದರೆ
ನೆಲದ ಮೇಲೆ ಟ್ರೇ ತುಂಬ ಮೈದಾ, ಅದರ ಮೇಲೆ ಕೋಕೋ ಪುಡಿ.
ಚಂದ್ರನಂತೆ ಅದು.
ಐಲೊ ಕುರ್ಚಿ ಹತ್ತಿ ಗೋಲಿ ಬೀಳಿಸುತ್ತಾನೆ,
ಥಪ್!
ಕಂದು ಸೀಳಿ ಬಿಳಿ ಚಿಮ್ಮಿ ಕುಳಿಯ ಸುತ್ತ ಕಿರಣ ಕಿರಣ.
ಅರ್ಧ ಚಂದ್ರ ಈಗಾಗಲೇ ಅವನ ಕಾಲುಚೀಲಕ್ಕೆ ಮೆತ್ತಿದೆ.
ಸಂಜೆ ಗುಡಿಸುವವನು ಯಾರೋ, ಅವರಿಗೇನು.

ಹೀಟರಿನ ಮೇಲೆ ಉಪ್ಪುಹಿಟ್ಟಿನ ಗ್ರಹಗಳು ಒಣಗುತ್ತಿವೆ.
ಶನಿಗೆ ಉಪ್ಪಿನಕಾಯಿ ಜಾಡಿಯ ರಬ್ಬರ್ ಬಳೆ.
ಗುರುವನ್ನು ಯಾರೋ ಕಚ್ಚಿದ್ದಾರೆ,
ಗುರುತು ನೋಡಿದರೆ
ಕಚ್ಚಿದವರಿಗೆ ಮುಂದಿನ ಎರಡು ಹಲ್ಲಿಲ್ಲ.
ಆ ತರಗತಿಯಲ್ಲಿ ಅಂಥವರು ಒಂಬತ್ತು ಮಂದಿ.

"ನಡುವೆ ನಿಲ್ಲು" ಎಂದಳು ಟೀಚರ್.
"ಸೂರ್ಯ ಮಾತಾಡಬಾರದು" ಎಂದಳು ಓಸ್ನೆ.
"ಕೆಮ್ಮಲೂಬಾರದು" ಎಂದಿತು ಹಿಂದಿನಿಂದ ಇನ್ನೊಂದು ದನಿ.
ದೀಪ ಆರಿಸಿದರು. ನಾನು ಹತ್ತಿಕೊಂಡೆ.

ಭೂಮಿಯನ್ನು ಎತ್ತಿಕೊಂಡವಳು ಸೆಲಮಾವಿತ್.
ಅವಳ ಅಮ್ಮ ಮೀನಿನ ಕಾರ್ಖಾನೆಯಲ್ಲಿ ನನ್ನ ತಂಗಿಯ ಪಕ್ಕದ ಮೇಜು.
ಭೂಮಿಯ ನೆತ್ತಿ ಸದಾ ಕೋಟು ತೂಗುವ ಗೂಟದ ಕಡೆಗೇ ವಾಲಿರಬೇಕು,
ಏನಾದರೂ ಸರಿ, ಗೂಟವನ್ನು ಮರೆಯಬಾರದು.
ನಮ್ಮೂರಿಗೊಂದು ಕೆಂಪು ಗುಂಡುಪಿನ್ನು.
ಅವಳ ಅಜ್ಜಿಯ ಅಸ್ಮಾರಾಕ್ಕೆ ಒಂದು ಹಳದಿ.

ಗೂಟದ ಬದಿಗೆ ನಿಂತು ತಿರುಗಿಸಿದಳು.
ಹಳದಿ ಬೆಳಕಿಗೆ ಬಂತು, ಹೋಯಿತು, ಮತ್ತೆ ಬಂತು.
ಕೆಂಪು ಕತ್ತಲಲ್ಲೇ ಒಂದು ಸುತ್ತು.
ಕತ್ತಲಲ್ಲೇ ಇನ್ನೊಂದು.

ಕೋಣೆ ಗಪ್‌ಚುಪ್.
ಪುಟ್ಟ ತೂರ್‌ಬೆನ್ ತೆವಳಿಕೊಂಡು ಬಂದು
ನನ್ನ ಪ್ಯಾಂಟು ಜಗ್ಗಿ ಪಿಸುಗುಟ್ಟಿದ:
"ಒಂಚೂರು ಮೇಲೆತ್ತು. ಯಾರೂ ನೋಡಲ್ಲ."

ಮೂವತ್ತು ವರ್ಷ ಕಡಲಿಗೆ ಹೋದವನು ನಾನು.
ಜನವರಿಯಲ್ಲಿ ದೋಣಿಯಂಚಿಗೆ ನಿಂತು
ಬರ್ತೀಯೋ ಇಲ್ಲವೋ ಎಂದು ಅದನ್ನೇ ಬೈದವನು,
ಅದು ಎಲ್ಲೋ ಅಲೆದಾಡಲು ಹೋಗಿದೆ ಎಂಬಂತೆ.
ಈಗ ತೋಳು ನಡುಗುತ್ತಿದೆ, ಮೂಗು ತುರಿಸುತ್ತಿದೆ,
ಒಂದಂಗುಲ ಎತ್ತಿದರೆ ಊರಿಗೆ ಊರೇ ಬೆಳಗೀತು.
ಎತ್ತಲಿಲ್ಲ.

"ಈಗ ನಡಿ" ಎಂದಳು ಟೀಚರ್.
ಸೆಲಮಾವಿತ್ ಹೆಜ್ಜೆ ಹೆಜ್ಜೆಗೂ ಗೂಟ ನೋಡುತ್ತ
ಭೂಮಿಯನ್ನು ಅಪ್ಪಿಕೊಂಡು ನನ್ನ ಬೆನ್ನ ಹಿಂದೆ ಹಾದಳು.
ಜತೆಗೇ ನಾನೂ ಮೆಲ್ಲಗೆ ತಿರುಗಿದೆ (ಅದಕ್ಕೆ ಅಪ್ಪಣೆ ಇತ್ತು).
ಮಾರ್ಚ್, ಏಪ್ರಿಲ್, ಚಂದ್ರನ ಟ್ರೇ ದಾಟಿ ಮೇ,
ಕಿಟಕಿಯ ಬಳಿ ಜೂನ್.
ಮತ್ತೆ ತಿರುಗಿಸಿದಳು.

ಕೆಂಪು ಪಿನ್ನಿನ ತಲೆ ಫಳ್ಳೆಂದಿತು.
ಒಂದು ಸುತ್ತು, ಬೆಳಕು. ಇನ್ನೊಂದು, ಬೆಳಕೇ.
"ಇನ್ನು ಆರೋದೇ ಇಲ್ಲ!" ಎಂದು ಐಲೊ ಕುಣಿದು
ಚಂದ್ರನ ಮೇಲೆ ಕಾಲಿಟ್ಟ.

ಸೆಲಮಾವಿತ್ ಮಾತ್ರ ನಗಲಿಲ್ಲ,
ಹಳದಿ ಪಿನ್ನನ್ನು ಹೆಬ್ಬೆರಳಲ್ಲಿ ಒತ್ತಿ ಕೇಳಿದಳು:
"ಅಜ್ಜಿಗೆ ದಿನಾ ರಾತ್ರಿ ಆಗತ್ತೆ. ದಿನಾ ಬೆಳಗಾಗತ್ತೆ.
ಅವಳಿಗೆ ಹೇಗೆ ಹೇಳೋದು ಇದನ್ನ?"
ಟೀಚರ್ ನನ್ನ ಮುಖ ನೋಡಿದಳು.
ಸೂರ್ಯ ಮಾತಾಡಬಾರದು.

ಸಂಜೆ ಗುಡಿಸಿದೆ. ಕೋಕೋ ಎಷ್ಟು ಒರೆಸಿದರೂ
ಹಲಗೆಯ ಸಂದಿನಲ್ಲಿ ಉಳಿಯುತ್ತದೆ.
ಒಂದು ಹೆಜ್ಜೆ ಗುರುತನ್ನು ಕೊನೆಗೆ ಗುಡಿಸೋಣ ಎಂದು ಬಿಟ್ಟೆ,
ಆಮೇಲೆ ಮರೆತೆ.
ಆಫೀಸಿನ ಸಾಮಾನಿನ ಚೀಟಿಯಲ್ಲಿ ಬರೆದೆ:
ಉಪ್ಪು, ಎರಡು ಮೂಟೆ. ಪೊರಕೆ, ಒಂದು.
ದೊಡ್ಡ ಬ್ಯಾಟರಿ, ನಾಲ್ಕು.
ಯಾತಕ್ಕೆ ಎಂಬ ಕಲಮಿನಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು,
ಸೂರ್ಯನಿಗೆ ಎಂದು ತುಂಬಿ
ದೀಪ ಆರಿಸಿ ಬೀಗ ಹಾಕಿದೆ.